ಕನ್ನಡಿಯೂ ಮಸೂರವೂ ಕೂಡಿದಾಗ

(ಕೂಟದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯನೊಬ್ಬ ವೇದಿಕೆಯೇರಿದನೆಂದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಇವುಗಳ ಬಗೆಗೆ ಉಪದೇಶ ತಪ್ಪದು ಎಂದು ನೀವು ಭಾವಿಸಿರಬಹುದು. ಇಂದು ನಾನು ಆರಿಸಿಕೊಂಡಿರುವುದು ಬೆಳಕಿನ ವಿಷಯ. ನಾವು ರಜೆಗೆಂದು ಹೋಗುವ ಕ್ಯಾರೊಲೈನಾದ ಕಡಲ ತೀರದಿಂದ ಹೊರಟು, ಬೆಂಗಳೂರಿನ ಸಮೀಪದ ಒಂದು ವೀಕ್ಷಣಾಲಯವನ್ನು ನೋಡಿಕೊಂಡು, ಕೊನೆಗೆ ನಮ್ಮೆಲ್ಲರ ಮನೆಗೆ ಸಂಬಂಧಿಸಿದ ಒಂದು ಕಣ್ಣಿನ ಪರೀಕ್ಷೆಗೆ ಬರುವುದು ನನ್ನ ಉದ್ದೇಶ. ಈ ಮೂರನ್ನೂ ಕೂಡಿಸುವ ಸೂತ್ರ ಒಂದೇ.

ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ಬೆಳಕಿನ ಬಗೆಗೆ ಎರಡು ಪಾಠಗಳಿದ್ದುದು ನಿಮಗೆ ನೆನಪಿರಬಹುದು. ಮೊದಲನೆಯದು ಪ್ರತಿಫಲನ: ಬೆಳಕು ಕನ್ನಡಿಗೆ ತಾಗಿ ಹಿಂದಿರುಗುವುದು. ಎರಡನೆಯದು ವಕ್ರೀಭವನ: ಬೆಳಕು ಗಾಳಿಯಿಂದ ಗಾಜಿಗೆ, ಗಾಜಿನಿಂದ ಗಾಳಿಗೆ ದಾಟುವಾಗ ಬಾಗುವುದು. ಮಸೂರದ ಕೆಲಸವೆಲ್ಲ ಈ ಎರಡನೆಯದರಿಂದ ನಡೆಯುತ್ತದೆ. ಪಠ್ಯಪುಸ್ತಕ ಇವೆರಡನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟಿತು. ಆದರೆ ಮನುಷ್ಯನಿಗೆ ಬಹಳ ಉಪಕಾರ ಮಾಡಿದ ಕೆಲವು ಉಪಕರಣಗಳು ಇವೆರಡನ್ನೂ ಒಟ್ಟಿಗೆ ದುಡಿಸಿಕೊಳ್ಳುತ್ತವೆ. ಅಂಥ ವ್ಯವಸ್ಥೆಗೆ ವಿಜ್ಞಾನಿಗಳು ಕೆಟಡಯಾಪ್ಟ್ರಿಕ್ ಎಂದು ಹೆಸರಿಟ್ಟಿದ್ದಾರೆ. ನಾವು ಸಂಯುಕ್ತ ವ್ಯವಸ್ಥೆ ಎಂದು ಕರೆಯೋಣ.

ಎರಡನ್ನೂ ಕೂಡಿಸಬೇಕಾದ ಅಗತ್ಯವೇನು? ಒಂದೊಂದರಲ್ಲೂ ಒಂದೊಂದು ಕೊರತೆಯಿದೆ. ಮಸೂರ ದೊಡ್ಡದಾದಷ್ಟೂ ನಡುವೆ ದಪ್ಪವಾಗಿ ಭಾರವಾಗುತ್ತದೆ. ಅದು ನೀಲಿ ಬಣ್ಣವನ್ನು ಹೆಚ್ಚಾಗಿಯೂ ಕೆಂಪನ್ನು ಕಡಿಮೆಯಾಗಿಯೂ ಬಾಗಿಸುವುದರಿಂದ ಬಿಂಬದ ಅಂಚಿನಲ್ಲಿ ಬಣ್ಣಗಳು ಒಡೆದು ಕಾಣುತ್ತವೆ. ಕನ್ನಡಿಗೆ ಈ ವರ್ಣದೋಷವಿಲ್ಲ. ಆದರೆ ಲೋಹದ ಕನ್ನಡಿ ತನ್ನ ಮೇಲೆ ಬಿದ್ದ ಬೆಳಕಿನ ಒಂದು ಪಾಲನ್ನು ನುಂಗುತ್ತದೆ, ಉಪ್ಪುಗಾಳಿಗೆ ಮಾಸುತ್ತದೆ. ಗೋಳದ ಆಕಾರದ ಕನ್ನಡಿಯಾದರೆ, ಅದರ ಅಂಚಿಗೆ ಬಿದ್ದ ಕಿರಣಗಳೂ ನಡುವೆ ಬಿದ್ದ ಕಿರಣಗಳೂ ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ.

ಮುಂದಿನ ವಿಷಯಕ್ಕೆ ಅಗತ್ಯವಾದ ಇನ್ನೊಂದು ತತ್ತ್ವವನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ, ಅದನ್ನು ಕಣ್ಣಿಗಿಂತ ಮೇಲಕ್ಕೆ ಎತ್ತಿ ಹಿಡಿದು, ಲೋಟದ ಪಕ್ಕದಿಂದ ನೀರಿನ ಮೇಲ್ಮೈಯನ್ನು ಕೆಳಗಿನಿಂದ ನೋಡಿರಿ. ಅದು ಬೆಳ್ಳಿಯ ತಟ್ಟೆಯಂತೆ ಹೊಳೆಯುತ್ತದೆ. ನೀರಿನೊಳಗಿನ ಬೆಳಕು ಮೇಲ್ಮೈಯನ್ನು ಬಹಳ ಓರೆಯಾಗಿ ತಾಗಿದಾಗ ಗಾಳಿಗೆ ದಾಟಲಾರದೆ ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. ಇದೇ ಪೂರ್ಣ ಆಂತರಿಕ ಪ್ರತಿಫಲನ. ಲಂಬದಿಂದ ಅಳೆದರೆ ನೀರಿಗೆ ಸುಮಾರು 49 ಡಿಗ್ರಿ, ಸಾಧಾರಣ ಗಾಜಿಗೆ ಸುಮಾರು 42 ಡಿಗ್ರಿ ಮೀರಿದ ಓರೆಗೆ ಹೀಗಾಗುತ್ತದೆ. ಪಾದರಸದ ಲೇಪವಿಲ್ಲದೆ, ಬೆಳ್ಳಿಯ ಮೆರುಗಿಲ್ಲದೆ, ಗಾಜೇ ಕನ್ನಡಿಯಾಗುತ್ತದೆ. ಈ ಕನ್ನಡಿ ಬೆಳಕನ್ನು ನುಂಗುವುದಿಲ್ಲ. ಈ ತತ್ತ್ವವನ್ನು ನೆನಪಿನಲ್ಲಿಡಿ. ಕಡಲ ತೀರದಲ್ಲಿ ಇದು ನಮಗೆ ಮಿತ್ರ. ಕಣ್ಣಿನಲ್ಲಿ ಇದೇ ಅಡ್ಡಿ.

ಕಡಲ ತೀರದ ದೀಪ

ಉಡುಪಿಯ ಕಡೆಯವರಿಗೆ 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದ ಪರಿಚಯವಿದೆ. ವಾಷಿಂಗ್ಟನ್ನಿನ ಸುತ್ತಮುತ್ತ, ಕ್ಯಾರೊಲೈನಾಗಳಲ್ಲಿ, ಅಟ್ಲಾಂಟಾದಲ್ಲಿ ನೆಲೆಸಿರುವ ನಮಗೆ ಬೇಸಿಗೆಯಲ್ಲಿ ತಲುಪಬಹುದಾದ ದೀಪಸ್ತಂಭಗಳು ಅಟ್ಲಾಂಟಿಕ್ ತೀರದವು. ಉತ್ತರ ಕ್ಯಾರೊಲೈನಾದ ಕೇಪ್ ಹ್ಯಾಟರಸ್ ಬಳಿ ಬಿಸಿನೀರಿನ ಗಲ್ಫ್ ಪ್ರವಾಹಕ್ಕೆ ಉತ್ತರದ ತಣ್ಣೀರಿನ ಪ್ರವಾಹ ಎದುರಾಗುತ್ತದೆ. ಡೈಮಂಡ್ ಶೋಲ್ಸ್ ಎಂಬ ಮರಳ ದಿಬ್ಬಗಳು ನೀರಿನಡಿಯಲ್ಲಿ ಸ್ಥಳ ಬದಲಿಸುತ್ತಿರುತ್ತವೆ. ಅಲ್ಲಿ ಒಡೆದ ಹಡಗುಗಳು ಅಸಂಖ್ಯ. ಆ ಕಡಲಿಗೆ ಅಟ್ಲಾಂಟಿಕ್ಕಿನ ಸ್ಮಶಾನವೆಂಬ ಹೆಸರೇ ಬಂದಿದೆ. ಅಲ್ಲಿ 1803ರಿಂದಲೇ ದೀಪವಿತ್ತು. ಆದರೂ ನಾವಿಕರ ದೂರು ನಿಲ್ಲಲಿಲ್ಲ.

ದೂರಿನ ಕಾರಣ ಹೀಗಿದೆ. ಎಣ್ಣೆಯ ದೀಪ ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುತ್ತದೆ. ಆಕಾಶಕ್ಕೆ ಹೋದ ಬೆಳಕು, ನೆಲಕ್ಕೆ ಬಿದ್ದ ಬೆಳಕು ನಾವಿಕನಿಗೆ ನಿಷ್ಪ್ರಯೋಜಕ. ದಿಗಂತದ ಮಟ್ಟದಲ್ಲಿ ಹೊರಟ ತೆಳುವಾದ ಪದರವಷ್ಟೇ ಅವನನ್ನು ತಲುಪುತ್ತದೆ. ವ್ಯರ್ಥವಾಗುವ ಬೆಳಕನ್ನು ಹಿಡಿದು ಆ ಮಟ್ಟಕ್ಕೆ ತಿರುಗಿಸಬೇಕು. ಅಮೆರಿಕದಲ್ಲಿ ಈ ಕೆಲಸಕ್ಕೆ ಬಳಕೆಯಲ್ಲಿದ್ದುದು ವಿನ್‌ಸ್ಲೊ ಲೂಯಿಸ್ ಎಂಬ ಹಡಗಿನ ಕಪ್ತಾನರು ರೂಪಿಸಿದ, ಬೆಳ್ಳಿಯ ಲೇಪದ ತಾಮ್ರದ ಪ್ರತಿಫಲಕ. ಉಜ್ಜಿ ಉಜ್ಜಿ ಲೇಪ ಸವೆಯುತ್ತಿತ್ತು, ದೀಪದ ಹೊಗೆಗೆ ಕಪ್ಪಾಗುತ್ತಿತ್ತು.

ಫ್ರಾನ್ಸಿನಲ್ಲಿ ಅಷ್ಟರಲ್ಲಿ ಬೇರೊಂದು ದಾರಿ ಕಂಡಿತ್ತು. ಆಗಸ್ಟಿನ್ ಫ್ರೆನೆಲ್ ರಸ್ತೆ ಸೇತುವೆಗಳ ಎಂಜಿನಿಯರು. ಬೆಳಕು ಅಲೆಯೆಂಬುದನ್ನು ಗಣಿತದಿಂದ ತೋರಿಸಿದ ಮೇಧಾವಿ. ದಪ್ಪ ಮಸೂರದಲ್ಲಿ ಬೆಳಕನ್ನು ಬಾಗಿಸುವುದು ಅದರ ಮೇಲ್ಮೈಯ ಓರೆಯೇ ಹೊರತು ಒಳಗಿನ ಗಾಜಿನ ರಾಶಿಯಲ್ಲ. ಆದ್ದರಿಂದ ಒಳಗಿನ ಗಾಜನ್ನು ತೆಗೆದುಹಾಕಿ, ಮೇಲ್ಮೈಯನ್ನು ಮಾತ್ರ ಉಂಗುರ ಉಂಗುರವಾಗಿ ಜೋಡಿಸಿದರೆ ಹಗುರವಾದ ದೊಡ್ಡ ಮಸೂರ ದೊರೆಯುತ್ತದೆ. ಇಂಥ ಮಸೂರದ ದೀಪ 1823ರಲ್ಲಿ ಜಿರೋಂದ್ ಅಳಿವೆಯ ಕೊರ್ದುವಾನ್ ದೀಪಸ್ತಂಭದಲ್ಲಿ ಬೆಳಗಿತು.

ಆದರೆ ದೀಪದಿಂದ ಬಹಳ ಮೇಲಕ್ಕೋ ಕೆಳಕ್ಕೋ ಹೊರಟ ಕಿರಣವನ್ನು ದಿಗಂತಕ್ಕೆ ತರಲು ತೀರ ಹೆಚ್ಚು ಬಾಗಿಸಬೇಕಾಗುತ್ತದೆ. ಬರಿಯ ವಕ್ರೀಭವನಕ್ಕೆ ಅದು ಸಾಧ್ಯವಾಗದು. ಇಲ್ಲಿ ಫ್ರೆನೆಲ್ ಎರಡು ಪಾಠಗಳನ್ನೂ ಕೂಡಿಸಿದರು. ತ್ರಿಕೋನಾಕಾರದ ಗಾಜಿನ ಪಟ್ಟಕ, ಅಂದರೆ ಪ್ರಿಸಮ್, ಒಂದನ್ನು ಊಹಿಸಿಕೊಳ್ಳಿ. ಕಿರಣ ಅದರ ಮೊದಲ ಮುಖದಲ್ಲಿ ಬಾಗಿ ಒಳಹೊಗುತ್ತದೆ. ಎರಡನೆಯ ಮುಖವನ್ನು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ತಾಗಿ, ಲೋಟದ ನೀರಿನಲ್ಲಿ ಕಂಡಂತೆ, ಪೂರ್ತಿಯಾಗಿ ಮರಳುತ್ತದೆ. ಮೂರನೆಯ ಮುಖದಲ್ಲಿ ಮತ್ತೆ ಬಾಗಿ, ದಿಗಂತಕ್ಕೆ ನೇರವಾಗಿ ಹೊರಡುತ್ತದೆ. ಒಂದೇ ಗಾಜಿನ ತುಂಡಿನಲ್ಲಿ ವಕ್ರೀಭವನ, ಪ್ರತಿಫಲನ, ಮತ್ತೆ ವಕ್ರೀಭವನ. ಫ್ರೆನೆಲ್ ಈ ಪಟ್ಟಕಗಳನ್ನು ಮೊದಲು ಚಿಕ್ಕ ದೀಪಗಳಿಗೆ ಅಳವಡಿಸಿದರು. ದೊಡ್ಡ ದೀಪಗಳಲ್ಲಿ ಅವು ಬರುವುದನ್ನು ನೋಡಲು ಅವರು ಉಳಿಯಲಿಲ್ಲ; 1827ರಲ್ಲಿ, ತಮ್ಮ 39ನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡರು.

ಈ ದೀಪ ಅಮೆರಿಕಕ್ಕೆ ಬರಲು ತಡವಾದ ಕತೆ ವಾಷಿಂಗ್ಟನ್ನಿನದು. 1820ರಿಂದ 1852ರವರೆಗೆ ದೇಶದ ದೀಪಸ್ತಂಭಗಳ ಮೇಲ್ವಿಚಾರಣೆ ಖಜಾನೆ ಇಲಾಖೆಯ ಲೆಕ್ಕಪರಿಶೋಧಕ ಸ್ಟೀಫನ್ ಪ್ಲೆಸಂಟನ್ ಅವರ ಕೈಯಲ್ಲಿತ್ತು. ಇವರು ಸಾಮಾನ್ಯ ಮನುಷ್ಯರಲ್ಲ. 1814ರಲ್ಲಿ ಬ್ರಿಟಿಷರು ವಾಷಿಂಗ್ಟನ್ನಿಗೆ ಬೆಂಕಿಯಿಡಲು ಬಂದಾಗ ಸ್ವಾತಂತ್ರ್ಯ ಘೋಷಣೆಯ ಮೂಲ ಪ್ರತಿಯನ್ನು ಬಟ್ಟೆಯ ಚೀಲಗಳಲ್ಲಿ ತುಂಬಿಸಿ ವರ್ಜೀನಿಯದ ಲೀಸ್‌ಬರ್ಗಿಗೆ ಸಾಗಿಸಿ ಉಳಿಸಿದವರು. ಆದರೆ ದೀಪದ ವಿಷಯದಲ್ಲಿ ಅವರು ನೋಡಿದ್ದು ಲೆಕ್ಕದ ಪುಸ್ತಕವನ್ನು. ಫ್ರೆಂಚ್ ಮಸೂರದ ಬೆಲೆ ಹೆಚ್ಚೆಂದು ಹಿಂಜರಿದರು. 1841ರಲ್ಲಿ ನ್ಯೂಜರ್ಸಿಯ ನೇವ್‌ಸಿಂಕಿನಲ್ಲಿ ಮೊದಲ ಫ್ರೆನೆಲ್ ಮಸೂರ ಬಂದರೂ ಅದು ಬೇಗ ಹರಡಲಿಲ್ಲ. 1851ರ ವಿಚಾರಣೆಯಲ್ಲಿ ಡೇವಿಡ್ ಪೋರ್ಟರ್ ಎಂಬ ನೌಕಾಪಡೆಯ ಅಧಿಕಾರಿ ಹ್ಯಾಟರಸ್ಸಿನ ದೀಪವನ್ನು ಜಗತ್ತಿನಲ್ಲೇ ಅತ್ಯಂತ ಕೆಟ್ಟದ್ದೆಂದು ದೂರಿದರು. ಮರುವರ್ಷ ಹೊಸ ದೀಪಸ್ತಂಭ ಮಂಡಳಿ ರಚನೆಯಾಯಿತು. 1854ರಲ್ಲಿ ಹ್ಯಾಟರಸ್ಸಿಗೆ ಪ್ರಥಮ ದರ್ಜೆಯ ಫ್ರೆನೆಲ್ ಮಸೂರ ಬಂದಿತು. ಅದರ ಬೆಲೆಯೇನೆಂಬುದು ಶತ್ರುಗಳಿಗೂ ತಿಳಿದಿತ್ತು: 1861ರಲ್ಲಿ ಅಂತರ್ಯುದ್ಧ ಮೊದಲಾದಾಗ ದಕ್ಷಿಣದವರು ಮಸೂರವನ್ನು ಬಿಚ್ಚಿ ಒಳನಾಡಿಗೆ ಸಾಗಿಸಿಬಿಟ್ಟರು. ಇಂದು ನಾವು ಕಾಣುವ ಕಪ್ಪು ಬಿಳಿ ಸುರುಳಿಯ ಸ್ತಂಭ 1870ರದು. ಕಡಲು ಕೊರೆಯುತ್ತ ಬಂದುದರಿಂದ 1999ರಲ್ಲಿ ಅದನ್ನು ಇಡಿಯಾಗಿ 2,900 ಅಡಿ ಹಿಂದಕ್ಕೆ ಸರಿಸಲಾಯಿತು. ಹಳೆಯ ಮಸೂರದ ಉಳಿದ ಭಾಗಗಳು ಹ್ಯಾಟರಸ್ ಗ್ರಾಮದ ಮ್ಯೂಸಿಯಮ್ಮಿನಲ್ಲಿವೆ.

ಕೆಲಸ ಮಾಡುತ್ತಿರುವ ಮಸೂರವನ್ನು ಮಕ್ಕಳಿಗೆ ತೋರಿಸಬೇಕಾದರೆ ಕೊರೊಲಾದ ಕರಿಟಕ್ ಬೀಚ್ ದೀಪಸ್ತಂಭಕ್ಕೆ ಹೋಗಿರಿ. 1875ರ ಕೆಂಪು ಇಟ್ಟಿಗೆಯ ಈ ಸ್ತಂಭದ ಎತ್ತರ 162 ಅಡಿ, 220 ಮೆಟ್ಟಿಲು. ಮೂಲ ಮಸೂರವೇ ಈಗಲೂ ಅಲ್ಲಿದೆ. ಅಟ್ಲಾಂಟಾದ ಮಿತ್ರರಿಗೆ ಸವಾನ್ನಾ ಬಳಿಯ ಟೈಬಿ ದ್ವೀಪದ ದೀಪಸ್ತಂಭ ಇದೆ. ಅದರಲ್ಲಿಯೂ ಪ್ರಥಮ ದರ್ಜೆಯ ಮಸೂರವೇ. ಪ್ರಥಮ ದರ್ಜೆಯೆಂದರೆ ದೀಪಕ್ಕೂ ಗಾಜಿಗೂ ನಡುವೆ 920 ಮಿಲಿಮೀಟರ್ ಅಂತರ. ಒಳಗೆ ಮನುಷ್ಯ ನಿಲ್ಲಬಹುದು. ಹೋದಾಗ ಗಮನಿಸಿರಿ: ನಡುವಿನ ಪಟ್ಟಿಯಲ್ಲಿರುವುದು ಬರಿಯ ಮಸೂರ. ಅದರ ಮೇಲೂ ಕೆಳಗೂ ಕಿಟಕಿಯ ಅಡ್ಡಪಟ್ಟಿಗಳಂತೆ ಓರೆಯಾಗಿ ಜೋಡಿಸಿದ ತ್ರಿಕೋನ ಗಾಜುಗಳಿವೆಯಲ್ಲ, ಅವೇ ನಮ್ಮ ಸಂಯುಕ್ತ ಪಟ್ಟಕಗಳು. ಹಿಂದೆ ಕಾವಲುಗಾರರು ಹಗಲಿನಲ್ಲಿ ಈ ಗಾಜಿಗೆ ಪರದೆ ಎಳೆಯುತ್ತಿದ್ದರು. ಒಳಗಿನ ಬೆಳಕನ್ನು ದೂರಕ್ಕೆ ಕಳುಹಿಸುವ ಗಾಜು ಹೊರಗಿನ ಬಿಸಿಲನ್ನೂ ಒಳಗಿನ ಒಂದೇ ಬಿಂದುವಿಗೆ ತಂದು ಸುಡಬಲ್ಲುದು. ಬೆಳಕಿನ ದಾರಿ ಹೋಗಲೂ ಬರಲೂ ಒಂದೇ.

ಆಕಾಶದ ಬೆಳಕು

ಹಾಗಿದ್ದಮೇಲೆ ಹೊರಗಿನ ಮಂದ ಬೆಳಕನ್ನು ಸಂಗ್ರಹಿಸಲಿಕ್ಕೂ ಈ ಕೂಡಿಕೆ ನೆರವಾಗಬೇಕಲ್ಲವೆ? ಇಲ್ಲಿ ಬರುವವರು ಎಸ್ಟೋನಿಯ ಮೂಲದ ಬರ್ನ್‌ಹಾರ್ಡ್ ಷ್ಮಿಟ್. ಬಾಲ್ಯದಲ್ಲಿ ಸಿಡಿಮದ್ದಿನ ಪ್ರಯೋಗ ಮಾಡಹೋಗಿ ಬಲಗೈ ಕಳೆದುಕೊಂಡವರು. ಉಳಿದ ಒಂದೇ ಕೈಯಿಂದ ಗಾಜು ಉಜ್ಜಿ ದೂರದರ್ಶಕ ಮಾಡುತ್ತಿದ್ದವರು. ಅವರ ಕಾಲದ ದೊಡ್ಡ ದೂರದರ್ಶಕಗಳಲ್ಲಿ ಆಕಾಶದ ತೀರ ಚಿಕ್ಕ ತುಣುಕಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು. ಗೋಳೀಯ ಕನ್ನಡಿಯನ್ನು ಬಳಸಿದರೆ ವಿಶಾಲವಾಗಿ ಕಂಡೀತು, ಆದರೆ ಎಲ್ಲವೂ ಸಮನಾಗಿ ಮಸುಕು. ಷ್ಮಿಟ್ 1930ರ ಸುಮಾರಿಗೆ ಹ್ಯಾಂಬರ್ಗಿನ ವೀಕ್ಷಣಾಲಯದಲ್ಲಿ ಗೋಳೀಯ ಕನ್ನಡಿಯ ಮುಂದೆ ತೆಳುವಾದ ಗಾಜಿನ ಫಲಕವೊಂದನ್ನು ಇಟ್ಟರು. ಕಣ್ಣಿಗೆ ಅದು ಚಪ್ಪಟೆ ಗಾಜಿನಂತೆ ಕಾಣುತ್ತದೆ. ವಾಸ್ತವದಲ್ಲಿ ಕನ್ನಡಿ ಮಾಡಲಿರುವ ತಪ್ಪಿಗೆ ಸರಿಯಾಗಿ ವಿರುದ್ಧವಾದ ಚಿಕ್ಕ ಬಾಗನ್ನು ಅದು ಮೊದಲೇ ಕಿರಣಕ್ಕೆ ಕೊಟ್ಟಿರುತ್ತದೆ. ಎರಡು ತಪ್ಪುಗಳು ಒಂದನ್ನೊಂದು ಅಳಿಸುತ್ತವೆ. ಫಲಕ ತೆಳುವಾದುದರಿಂದ ವರ್ಣದೋಷವೂ ಅತ್ಯಲ್ಪ.

ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿದೆ. ಅಲ್ಲಿಯ 45 ಸೆಂಟಿಮೀಟರಿನ ಷ್ಮಿಟ್ ದೂರದರ್ಶಕದಿಂದ ಕ್ಷುದ್ರಗ್ರಹಗಳ ಹುಡುಕಾಟ ನಡೆಸಿದ ಆರ್. ರಾಜಮೋಹನ್ ಅವರು 1988ರ ಫೆಬ್ರವರಿಯಲ್ಲಿ ಹೊಸದೊಂದನ್ನು ಕಂಡುಹಿಡಿದರು. 4130ನೆಯ ಸಂಖ್ಯೆಯ ಆ ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿಡಲಾಗಿದೆ. ನಿಮ್ಮ ಮಕ್ಕಳು ಹಿತ್ತಲಿನಲ್ಲಿ ಇಟ್ಟುಕೊಂಡಿರುವ ಎಂಟು ಅಂಗುಲದ ಗಿಡ್ಡ ದೂರದರ್ಶಕವೂ ಬಹುಮಟ್ಟಿಗೆ ಇದೇ ವಂಶದ್ದು. ಸುಮಾರು ಎರಡು ಮೀಟರಿನ ಸಂಗಮದೂರವನ್ನು ಅರ್ಧ ಮೀಟರಿಗಿಂತ ಚಿಕ್ಕ ಕೊಳವೆಯಲ್ಲಿ ಮಡಿಸಿಡಲು ಸಾಧ್ಯವಾದುದು ಕನ್ನಡಿ ಮಸೂರಗಳ ಈ ಸಹಕಾರದಿಂದಲೇ.

ಕಣ್ಣಿನ ಮೂಲೆ

ಇನ್ನು ನನ್ನ ವೃತ್ತಿಗೆ ಬರುತ್ತೇನೆ. ಕಣ್ಣಿನ ಮುಂಭಾಗದಲ್ಲಿ ತಿಳಿಯಾದ ದ್ರವವೊಂದು ಸದಾ ಉತ್ಪತ್ತಿಯಾಗುತ್ತ, ಸದಾ ಬಸಿದುಹೋಗುತ್ತಿರುತ್ತದೆ. ಬಸಿಯುವ ಜಾಲರಿ ಇರುವುದು, ಪಾರದರ್ಶಕವಾದ ಕಾರ್ನಿಯಾ ಮತ್ತು ಬಣ್ಣದ ಪರದೆಯಾದ ಐರಿಸ್ ಕೂಡುವ ಮೂಲೆಯಲ್ಲಿ. ಕೆಲವರಲ್ಲಿ ಈ ಮೂಲೆ ಇಕ್ಕಟ್ಟಾಗಿರುತ್ತದೆ. ಐರಿಸ್ ಮುಂದಕ್ಕೆ ಬಂದು ಜಾಲರಿಯನ್ನು ಮುಚ್ಚಿದರೆ, ಬಚ್ಚಲ ಕಿಂಡಿ ಕಟ್ಟಿದಂತೆ, ಒಳಗಿನ ಒತ್ತಡ ಏರುತ್ತದೆ; ದೃಷ್ಟಿಯ ನರ ಸಾಯತೊಡಗುತ್ತದೆ. ಇದು ಮುಚ್ಚಿದ ಕೋನದ ಗ್ಲಾಕೋಮಾ. ಹೋದ ದೃಷ್ಟಿ ಮರಳುವುದಿಲ್ಲ. ಐರೋಪ್ಯ ಮೂಲದವರಿಗಿಂತ ಏಷ್ಯದ ಜನರಲ್ಲಿ, ನಮ್ಮ ದಕ್ಷಿಣ ಭಾರತೀಯರಲ್ಲಿಯೂ, ಇದು ಹೆಚ್ಚು. ಐವತ್ತು ದಾಟಿದವರು, ಅದರಲ್ಲೂ ಹೆಂಗಸರು, ದೂರಕ್ಕೂ ಪ್ಲಸ್ ಕನ್ನಡಕ ಬೇಕಾದವರು, ಮನೆತನದಲ್ಲಿ ಈ ರೋಗವಿರುವವರು ಎಚ್ಚರದಿಂದಿರಬೇಕು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಗಾದೆ. ಈ ಹುಣ್ಣಿಗೆ ಕನ್ನಡಿ ಬೇಕೇ ಬೇಕು. ವೈದ್ಯ ಎಷ್ಟು ಒಳ್ಳೆಯ ಸೂಕ್ಷ್ಮದರ್ಶಕದಿಂದ ನೇರವಾಗಿ ನೋಡಿದರೂ ಆ ಮೂಲೆ ಕಾಣುವುದಿಲ್ಲ. ಅಲ್ಲಿಂದ ಹೊರಟ ಬೆಳಕು ಕಾರ್ನಿಯಾವನ್ನು ಸುಮಾರು 46 ಡಿಗ್ರಿಗಿಂತ ಹೆಚ್ಚು ಓರೆಯಾಗಿ ತಾಗಿ, ಪೂರ್ಣ ಆಂತರಿಕ ಪ್ರತಿಫಲನದಿಂದ ಒಳಕ್ಕೇ ಮರಳುತ್ತದೆ. ದೀಪಸ್ತಂಭದಲ್ಲಿ ಹಡಗುಗಳನ್ನು ಉಳಿಸಿದ ತತ್ತ್ವವೇ ಇಲ್ಲಿ ರೋಗವನ್ನು ಮರೆಮಾಡುತ್ತದೆ. ಆಸ್ಟ್ರಿಯದ ಸಾಲ್ಟ್ಸ್‌ಮನ್ ಅವರು 1914ರ ಸುಮಾರಿಗೆ ಈ ಅಡ್ಡಿಯನ್ನು ಅರಿತು, ಕಣ್ಣಿನ ಮೇಲೆ ಗಾಜಿನ ಮಸೂರವಿಟ್ಟು ಅದನ್ನು ದಾಟಿದರು. ಮಸೂರಕ್ಕೂ ಕಾರ್ನಿಯಾಕ್ಕೂ ನಡುವೆ ದ್ರವ ತುಂಬಿದರೆ ಅಲ್ಲಿ ಗಾಳಿ ಇರುವುದಿಲ್ಲ. ಬೆಳಕು ಮರಳದೆ ಮಸೂರದೊಳಕ್ಕೆ ದಾಟುತ್ತದೆ. ಸ್ವಿಟ್ಜರ್ಲೆಂಡಿನ ಹ್ಯಾನ್ಸ್ ಗೋಲ್ಡ್‌ಮನ್ 1938ರಲ್ಲಿ ಆ ಮಸೂರದೊಳಗೆ ಓರೆಯಾಗಿ ಒಂದು ಪುಟ್ಟ ಕನ್ನಡಿಯನ್ನು ಕೂರಿಸಿದರು. ಮಸೂರ ಬೆಳಕನ್ನು ಹೊರತರುತ್ತದೆ, ಕನ್ನಡಿ ಅದನ್ನು ವೈದ್ಯನ ಕಣ್ಣಿಗೆ ತಿರುಗಿಸುತ್ತದೆ. ಈ ಪರೀಕ್ಷೆಯ ಹೆಸರು ಗೋನಿಯೋಸ್ಕೋಪಿ. ಮರವಟ್ಟಿಸುವ ಹನಿ ಹಾಕಿ, ಕತ್ತಲೆಯ ಕೋಣೆಯಲ್ಲಿ ಕೆಲವು ನಿಮಿಷಗಳಲ್ಲಿ ನೋವಿಲ್ಲದೆ ಮುಗಿಯುತ್ತದೆ. ಬರಿಯ ಒತ್ತಡದ ಅಳತೆಯಿಂದ ಇಕ್ಕಟ್ಟಾದ ಮೂಲೆಯನ್ನು ಗುರುತಿಸಲಾಗದು.

ಕೆಲವು ವರ್ಷಗಳ ಹಿಂದೆ ಊರಿನಿಂದ ಮಗಳ ಬಾಣಂತನಕ್ಕೆ ಬಂದಿದ್ದ ತಾಯಿಯೊಬ್ಬರಿಗೆ ಸಂಜೆ ವಿಪರೀತ ತಲೆನೋವು, ವಾಂತಿ. ನೆಗಡಿಗೆ ಅಂಗಡಿಯ ಮಾತ್ರೆ ತೆಗೆದುಕೊಂಡಿದ್ದರು. ಪಿತ್ತವೆಂದು ಭಾವಿಸಿ ಶುಂಠಿ ಕಷಾಯ ಕುಡಿದು ಮಲಗಿದ್ದರು. ಮರುದಿನ ಮಗಳು ನನಗೆ ಫೋನ್ ಮಾಡಿದಾಗ, “ದೀಪದ ಸುತ್ತ ಕಾಮನಬಿಲ್ಲು ಕಾಣ್ತಿದೆ ಅಂತ ಅಮ್ಮ ನಿನ್ನೆಯಿಂದ ಹೇಳ್ತಿದ್ದಾರೆ ಡಾಕ್ಟ್ರೆ” ಎಂದರು. ಆ ಒಂದು ಮಾತಿನಿಂದ ರೋಗ ತಿಳಿಯಿತು. ಕೂಡಲೇ ಕಣ್ಣಿನ ತಜ್ಞರಲ್ಲಿಗೆ ಕಳುಹಿಸಿದೆ. ಗೋನಿಯೋಸ್ಕೋಪಿಯಲ್ಲಿ ಎರಡು ಕಣ್ಣಿನ ಮೂಲೆಗಳೂ ಇಕ್ಕಟ್ಟೆಂದು ಕಂಡಿತು. ಲೇಸರಿನಿಂದ ಐರಿಸ್ಸಿನಲ್ಲಿ ಸೂಜಿಮೊನೆಯಷ್ಟು ರಂಧ್ರ ಮಾಡಿ ದ್ರವಕ್ಕೆ ಬೇರೆ ದಾರಿ ಕೊಟ್ಟರು. ಒಂದು ಕಣ್ಣು ಪೂರ್ತಿ ಉಳಿಯಿತು. ಇನ್ನೊಂದರ ದೃಷ್ಟಿ ಸ್ವಲ್ಪ ಕುಂದಿತು. ಊರಿನಲ್ಲಿಯೇ ಮೊದಲು ಪರೀಕ್ಷೆಯಾಗಿದ್ದರೆ ಎರಡೂ ಉಳಿಯುತ್ತಿದ್ದವು.

ಆದ್ದರಿಂದ ನನ್ನ ಕೋರಿಕೆಗಳು ಇವು. ತಂದೆತಾಯಿಯರನ್ನು ಇಲ್ಲಿಗೆ ಕರೆಸಿಕೊಳ್ಳುವ ಮುನ್ನ, ವೀಸಾ ಟಿಕೆಟ್ಟುಗಳ ಜೊತೆಗೆ, ಅಲ್ಲಿಯೇ ಕಣ್ಣಿನ ತಜ್ಞರಿಂದ ಅವರ ಕಣ್ಣಿನ ಮೂಲೆಯ ಪರೀಕ್ಷೆ ಮಾಡಿಸಿರಿ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಂಥ ಕಡೆ ಅದು ಕಷ್ಟವಲ್ಲ. ಪ್ರವಾಸಿ ವಿಮೆಯನ್ನು ನಂಬಿ ಇಲ್ಲಿ ಓಡಾಡುವುದಕ್ಕಿಂತ ಸುಲಭ. ಮೂಲೆ ಇಕ್ಕಟ್ಟೆಂದು ತಿಳಿದವರು ನೆಗಡಿ, ಅಲರ್ಜಿ, ಪ್ರಯಾಣದ ವಾಕರಿಕೆಗಳ ಮಾತ್ರೆಯನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಕೆಲವು ಮಾತ್ರೆಗಳು ಪಾಪೆಯನ್ನು ಹಿಗ್ಗಿಸಿ ಮೂಲೆಯನ್ನು ಮುಚ್ಚಿಸುತ್ತವೆ. ಕಣ್ಣು ಕೆಂಪಾಗಿ, ನೋವು, ಮಬ್ಬು, ವಾಂತಿ ಬಂದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಬೆಳಗಿನವರೆಗೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿರಿ. ಅನೇಕರಲ್ಲಿ ಈ ಲಕ್ಷಣಗಳೊಂದೂ ಇಲ್ಲದೆ ರೋಗ ಸದ್ದಿಲ್ಲದೆ ಬೆಳೆಯುತ್ತದೆ. ಆದ್ದರಿಂದ ನಲವತ್ತು ದಾಟಿದ ನಾವೂ ಕನ್ನಡಕದ ನಂಬರು ನೋಡಿಸುವಾಗ “ಗೋನಿಯೋಸ್ಕೋಪಿ ಅಗತ್ಯವೆ?” ಎಂದು ಒಮ್ಮೆ ಕೇಳುವುದು ಒಳ್ಳೆಯದು. ಪರೀಕ್ಷೆಯಲ್ಲಿ ಮೂಲೆ ಇಕ್ಕಟ್ಟೆಂದು ಕಂಡವರು ಆ ವಿಷಯವನ್ನು ಒಡಹುಟ್ಟಿದವರಿಗೂ ಮಕ್ಕಳಿಗೂ ತಿಳಿಸಬೇಕು.

 ಪ್ರಶ್ನೆಗಳಿದ್ದರೆ ಊಟದ ಸಮಯದಲ್ಲಿ ಕೇಳಬಹುದು.